ಟಗರಿನ ಚಿತ್ರದ ಬಾಟಲಿ

ಚನ್ನಗಿರಿಯ ಜಯದೇವಪ್ಪನಿಗೆ ಬದುಕಿನಲ್ಲಿ ದೊಡ್ಡ ಆಸೆಗಳೇನೂ ಇರಲಿಲ್ಲ. ಸ್ವಂತ ಮನೆಯಿತ್ತು, ಹೆಂಡತಿ ನೇತ್ರಾವತಿ ಇದ್ದಳು, ಸರ್ಕಾರಿ ನೌಕರಿಯಿತ್ತು. ಇಲ್ಲದಿದ್ದದ್ದು ನಿದ್ದೆ ಒಂದೇ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಆರರ ಬಸ್ಸಿಗೆ ದಾವಣಗೆರೆಗೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಜಗಳೂರು ಸೇರಿ, ಹತ್ತಕ್ಕೆ ಸರಿಯಾಗಿ ಕಚೇರಿಯಲ್ಲಿ ಸಹಿ ಹಾಕುತ್ತಿದ್ದ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಹೀಗೆ ಆರು ವರ್ಷ, ಒಂದು ದಿನವೂ ತಡವಾಗದೆ. ಬಸ್ಸಿನಲ್ಲೇ ಮಲಗಬಹುದಲ್ಲ ಎಂದು ಬುದ್ಧಿ ಹೇಳುವವರಿದ್ದರು. ಅವರು ಯಾರೂ ಆ ಬಸ್ಸಿನಲ್ಲಿ ಕೂತವರಲ್ಲ.

ಜಗಳೂರಿನಲ್ಲೇ ರೂಮು ಮಾಡಿ ನೋಡಿದ್ದೂ ಆಗಿತ್ತು. ನಾಲ್ಕನೇ ದಿನ ಅನ್ನಕ್ಕಿಡಲು ಹೋಗಿ ಕುಕ್ಕರಿನ ಮುಚ್ಚಳ ಹಾರಿ ಎರಡು ಹೆಂಚು ಒಡೆದಿದ್ದರಿಂದ ಮನೆ ಮಾಲೀಕರು ಕೈಮುಗಿದು, ಬ್ಯಾಗು ತಾವೇ ಹೊತ್ತು, ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟು ಹೋದರು.

ಈ ಸಂಕಟಕ್ಕೆ ಕೊನೆ ಕಾಣಿಸಿದ್ದು ಒಂದು ಕುರ್ಚಿಯ ರೂಪದಲ್ಲಿ. ಚನ್ನಗಿರಿಯ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರ ಹುದ್ದೆ ಖಾಲಿ ಬಿದ್ದಿತ್ತು. ಮನೆಯಿಂದ ಐದು ನಿಮಿಷದ ನಡಿಗೆ. ಜಯದೇವಪ್ಪ ಭಾನುವಾರ ತರಕಾರಿ ತರುವ ನೆಪದಲ್ಲಿ ಹೋಗಿ ಕಿಟಕಿಯಿಂದ ಆ ಕುರ್ಚಿಯನ್ನು ನೋಡಿ ಬರುತ್ತಿದ್ದ. ಅದರ ಒಂದು ಕೈ ಮುರಿದಿತ್ತು, ಸೀಟಿನ ಹತ್ತಿ ಹೊರಗೆ ಬಂದಿತ್ತು. ಅಂಥ ಚೆಂದದ ಕುರ್ಚಿಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಅದರಲ್ಲಿ ಕೂರಬೇಕಾದರೆ ಬಡ್ತಿ ಬೇಕು, ಬಡ್ತಿ ಬೇಕಾದರೆ ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ಅವನು ನಾಲ್ಕು ಸಲ ಫೇಲಾಗಿದ್ದ.

ಅವನು ದಡ್ಡನಲ್ಲ. ಕಚೇರಿಗೆ ಬರುವ ಟಪಾಲಿನ ರಿಜಿಸ್ಟರನ್ನು ಅವನು ಬರೆದರೆ ಮುತ್ತು ಪೋಣಿಸಿದಂತೆ ಇರುತ್ತಿತ್ತು. ತೊಂದರೆ ಇದ್ದದ್ದು ಅಭ್ಯಾಸದ ಪ್ರೋಗ್ರಾಮಿನಲ್ಲಿ. ಸರಿಯಾಗಿ ಮಾಡಿದರೆ ಅದು ಹಸಿರು ಗುರುತು ತೋರಿಸಿ ‘ಟಿಂಗ್’ ಎನ್ನುತ್ತಿತ್ತು. ತಪ್ಪಾದರೆ ಕೆಂಪು ಗುರುತು ಬಿದ್ದು, ಗಂಟಲು ಕಟ್ಟಿದ ಕತ್ತೆಯ ಹಾಗೆ ‘ಬರ್ರ್’ ಎಂದು ಕೂಗುತ್ತಿತ್ತು. ಜಯದೇವಪ್ಪ ಮೌಸಿನ ಮೇಲೆ ಕೈಯಿಡುವ ಮೊದಲೇ ಆ ಕೂಗಿಗೆ ಕಾಯುತ್ತಿದ್ದ. ಅದು ಬಂದ ಕೂಡಲೇ ಬೆವರುತ್ತಿದ್ದ. ಅಪ್ಪಿತಪ್ಪಿ ಟಿಂಗ್ ಎಂದರೂ ಅದು ಬೇರೆ ಯಾರಿಗೋ ಹೇಳಿದ್ದೆಂದು ತಿರುಗಿ ನೋಡುತ್ತಿದ್ದ.

ಕಲಿಸುವ ಹೊಣೆ ಬಿದ್ದದ್ದು ಕಚೇರಿಯ ಕಂಪ್ಯೂಟರ್ ಆಪರೇಟರ್ ನುಜಹತ್ ಮೇಲೆ. ಎರಡು ಮಕ್ಕಳ ತಾಯಿ, ತಾಳ್ಮೆಯವಳು. ಆದರೆ ತಾಳ್ಮೆಗೂ ಒಂದು ಊಟದ ಬಿಡುವು ಬೇಕಾಗುತ್ತದೆ, ಜಯದೇವಪ್ಪ ಅದನ್ನೂ ತಿಂದುಹಾಕುತ್ತಿದ್ದ.

‘ಸಾರ್, ನಿನ್ನೆ ಇದನ್ನೇ ಹನ್ನೊಂದು ಸಲ ಮಾಡ್ಸೀನಿ. ಸೇವ್ ಮಾಡಾಕೆ ಎಲ್ಲಿ ಒತ್ತಬೇಕು?’

‘ನೆನಪೈತೆ ಕಣಮ್ಮ. ಎಲ್ಲಿ ಒತ್ತಿದ್ರೆ ಬರ್ರ್ ಅಂತೈತೆ ಅನ್ನಾದು ಪೂರ್ತಿ ನೆನಪೈತೆ. ಉಳಿದದ್ದು ನೆನಪಿಲ್ಲ.’

‘ಪರೀಕ್ಷೆಯಾಗೆ ಅದನ್ನ ಕೇಳಲ್ಲ ಸಾರ್’ ಎಂದು ಅವಳು ತಲೆನೋವಿನ ಮಾತ್ರೆ ನುಂಗಿದಳು.

ಐದನೇ ಪರೀಕ್ಷೆಗೆ ಒಂದು ತಿಂಗಳಿತ್ತು. ಒಂದು ಸಂಜೆ ಜಯದೇವಪ್ಪ ಎಂದಿನಂತೆ ಬಸ್ಸಿಗೆ ಕಾಯುತ್ತ ಸುಬಾನಸಾಬರ ಅಂಗಡಿಯ ಬೆಂಚಿನಲ್ಲಿ ಕೂತ. ಸುಬಾನಸಾಬರು ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಬಸ್‌ಸ್ಟ್ಯಾಂಡಿನ ಎದುರಿಗೆ ಕುರಿ ಔಷಧಿಯ ಅಂಗಡಿ ಇಟ್ಟಿದ್ದರು. ಕುರಿ ಕಾಯುವವರು ಕುರಿಗೆ ಔಷಧಿ ಕೊಂಡ ಮೇಲೆ ಸುಮ್ಮನೆ ಹೋಗುವವರಲ್ಲ, ತಮ್ಮ ಮೊಣಕಾಲಿಗೂ ಏನಾದರೂ ಕೊಡಿ ಎಂದು ಜೀವ ತಿನ್ನುತ್ತಿದ್ದರು. ಮನುಷ್ಯರಿಗೆ ಔಷಧಿ ಕೊಡುವುದು ಕಾನೂನಿಗೆ ವಿರುದ್ಧ. ಇಲ್ಲ ಎಂದರೆ ಗಿರಾಕಿಗೆ ಬೇಸರ. ಆದ್ದರಿಂದ ಸಾಬರು ಔಷಧಿಯೇ ಅಲ್ಲದ ಒಂದು ಔಷಧಿ ಇಟ್ಟುಕೊಂಡಿದ್ದರು. ಹೋಮಿಯೋಪತಿಯವರು ಬಳಸುವ ಸಣ್ಣ ಬಿಳಿ ಸಕ್ಕರೆ ಗುಳಿಗೆ, ಒಂದು ಹನಿ ಔಷಧಿಯೂ ತಾಗದ್ದು. ಅದಕ್ಕೆ ಅವರು ಯಾರಿಂದಲೂ ಬಿಡಿಗಾಸು ಪಡೆಯುತ್ತಿರಲಿಲ್ಲ.

ಜಯದೇವಪ್ಪ ಅಂದು ಹೇಳಿದ ಕಥೆ ಸಾಬರು ನಾಲ್ಕು ವರ್ಷದಿಂದ ಕೇಳಿದ್ದೇ. ಅವರಿಗೆ ನಮಾಜಿಗೆ ಹೊತ್ತಾಗಿತ್ತು. ಕುರಿ ಟಾನಿಕ್ಕಿನ ಒಂದು ಖಾಲಿ ಬಾಟಲಿಯನ್ನು ತೊಳೆದು ಒರೆಸಿ ಗುಳಿಗೆ ತುಂಬಿಸಿದರು. ಬಾಟಲಿಯ ಮೇಲೆ ಕೊಂಬು ತಿರುಚಿದ ದೊಡ್ಡ ಟಗರಿನ ಚಿತ್ರವಿತ್ತು.

‘ಕಂಪ್ಯೂಟರ್ ಮುಂದೆ ಕುಂದ್ರಾಕೆ ಮುಂಚೆ ನಾಲ್ಕು ಬಾಯಾಗೆ ಹಾಕ್ಕೊಳ್ರಿ ಗುಮಾಸ್ತ್ರೆ. ಇದು ಹೆಂಗೆ ಕೆಲಸ ಮಾಡ್ತೈತೆ ಅಂದ್ರೆ, ನೀವು ಸರಿ ಮಾಡಿದ್ದು ಮಾತ್ರ ತಲೆಗೆ ಹತ್ತತೈತೆ. ತಪ್ಪು ಮಾಡಿದ್ದು ಹತ್ತಲ್ಲ, ಜಾರಿ ಹೋಗತೈತೆ. ತಪ್ಪಾದ್ರೆ ತಲೆ ಕೆಡಿಸ್ಕೊಬ್ಯಾಡ್ರಿ. ಸರಿ ಆದ್ರೆ ಒಂದು ಗಳಿಗೆ ಕಣ್ಣು ಮುಚ್ಚಿ ಕುಂದ್ರಿ, ಒಳಗೆ ಇಳೀಲಿ.’

ಇಷ್ಟನ್ನೂ ಸಾಬರು ಶೆಟರ್ ಎಳೆಯುತ್ತ ಎಳೆಯುತ್ತ ಹೊಂದಿಸಿಕೊಂಡು ಹೇಳಿದ್ದು. ಜಯದೇವಪ್ಪ ಅದನ್ನು ಟಪಾಲಿನ ಹಾಗೆ ಅಕ್ಷರ ಬಿಡದೆ ಮನಸ್ಸಿನಲ್ಲಿ ನಮೂದಿಸಿಕೊಂಡ.

ಮರುದಿನ ನಾಲ್ಕು ಗುಳಿಗೆ ಬಾಯಿಗೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಮೊದಲ ಪ್ರಶ್ನೆಗೇ ಬರ್ರ್ ಎಂದಿತು. ನುಜಹತ್ ಹಣೆ ಹಿಡಿದುಕೊಂಡಳು.

‘ಚಿಂತೆಯಿಲ್ಲ ಕಣಮ್ಮ, ಅದು ಹತ್ತಲ್ಲ’ ಎಂದ ಜಯದೇವಪ್ಪ, ಮುಂದಿನದನ್ನು ಒತ್ತಿದ. ಬರ್ರ್. ‘ಅದೂ ಹತ್ತಲ್ಲ’ ಎಂದ. ಏಳನೆಯದಕ್ಕೆ ಟಿಂಗ್ ಎಂದಿತು. ಜಯದೇವಪ್ಪ ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಕಣ್ಣು ಮುಚ್ಚಿ, ಜಾತಕ ಕೇಳುವವನಂತೆ ಕೂತ. ನುಜಹತ್ ಗಾಬರಿಯಾಗಿ ನೀರು ತಂದಳು.

‘ಸಾರ್, ಎದೆ ನೋವಾ?’

‘ಇಳೀತೈತೆ’ ಎಂದ ಜಯದೇವಪ್ಪ.

ಮರುದಿನ ಆ ಏಳನೆಯದನ್ನು ಅವನು ಹೇಳಿಸಿಕೊಳ್ಳದೆ ಮಾಡಿದ. ವಾರದಲ್ಲಿ ಫೈಲು ಸೇವ್ ಮಾಡುವುದು ಬಂತು, ಅಕ್ಷರ ದಪ್ಪ ಮಾಡುವುದು ಬಂತು, ಟೇಬಲ್ ಹಾಕುವುದೂ ಬಂತು. ಟಿಂಗ್ ಎಂದಾಗೆಲ್ಲ ಕಣ್ಣು ಮುಚ್ಚುತ್ತಿದ್ದ. ಒಂದು ದಿನ ಸಾಲಾಗಿ ಒಂಬತ್ತು ಟಿಂಗ್ ಬಂದು, ನುಜಹತ್ ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಡಬ್ಬಿಯಿಂದ ಒಂದು ಶೇಂಗಾ ಉಂಡೆ ಕೊಟ್ಟಳು.

ಆದರೆ ಔಷಧಿಯ ಕರಾರಿನಲ್ಲಿ ಒಂದು ತೊಡಕಿತ್ತು. ತಪ್ಪು ಹತ್ತುವುದಿಲ್ಲ ಎಂದ ಮೇಲೆ ಬೈಗುಳ ಹೇಗೆ ಹತ್ತೀತು? ಮೇಲಧಿಕಾರಿ ರುದ್ರಾಣಿ ಮೇಡಂ, ಒಂದು ಪತ್ರ ತಪ್ಪು ಫೈಲಿಗೆ ಹೋದದ್ದಕ್ಕೆ ಕಾಲು ಗಂಟೆ ಬೈದರು. ಜಯದೇವಪ್ಪ ಪ್ರಸನ್ನವಾಗಿ ಕೇಳಿಸಿಕೊಂಡು, ‘ನೀವು ಬೈಯ್ರಿ ಮೇಡಂ, ಪರವಾಗಿಲ್ಲ, ಜಾರಿ ಹೋಗತೈತೆ’ ಎಂದ. ಮೇಡಂ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ನೋಟಿಸು ಕೊಡಲು ಯಾವ ನಿಯಮ ಹೊಂದುತ್ತದೆ ಎಂದು ಸಂಜೆಯವರೆಗೂ ಪುಸ್ತಕ ತಿರುವಿದರು.

ಮನೆಯಲ್ಲೂ ಅದೇ ಕಥೆಯಾಯಿತು. ಭಾನುವಾರ ಗ್ಯಾಸ್ ಬುಕ್ ಮಾಡಲು ಮರೆತದ್ದಕ್ಕೆ ನೇತ್ರಾವತಿ ಶುರುಮಾಡಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಮೂರನೇ ಮಾತಿಗೆ ಮುಖ ಸಪ್ಪಗೆ ಮಾಡುತ್ತಿದ್ದ ಗಂಡ ಅಂದು ಹುರುಳಿಕಾಳು ಆರಿಸುತ್ತ ನಗುತ್ತಲೇ ಇದ್ದ. ಅವಳಿಗೆ ಹೆದರಿಕೆಯಾಯಿತು. ಅವನು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದಳು. ಟಗರು ಸಿಕ್ಕಿತು.

ಪಕ್ಕದ ಮನೆಯ ಅಜ್ಜಮ್ಮನಿಗೆ ಕಣ್ಣು ಮಂಜಾಗಿತ್ತು, ಆದರೆ ಟಗರಿನ ಕೊಂಬು ಕಾಣದಷ್ಟು ಅಲ್ಲ. ‘ಇದು ಕುರಿಗೆ ಹುಳ ಬಿದ್ರೆ ಕುಡಿಸಾದು ಕಣವ್ವಾ. ಇದನ್ನ ಯಾಕೆ ತಿಂತಾನೆ ಇವ್ನು?’ ಎಂದಳು. ಕೂಡಲೇ ತವರೂರು ಸವಳಂಗಕ್ಕೆ ಫೋನು ಹೋಯಿತು. ಮಧ್ಯಾಹ್ನದ ಹೊತ್ತಿಗೆ ನೇತ್ರಾವತಿಯ ತಮ್ಮ ಪರಶುರಾಮ್ ಬೈಕಿನಲ್ಲಿ ಬಂದಿಳಿದ. ಅವನು ಎಂಟು ಕುರಿ ಸಾಕಿದವನು, ಆದ್ದರಿಂದ ತಪಾಸಣೆ ಅವನದೇ ಆಯಿತು.

‘ಭಾವ, ಒಂದೀಟು ನಾಲಗೆ ತೋರಿಸ್ರಿ. ಮೇವು, ಅಲ್ಲ, ಊಟ ಸೇರ್ತೈತಾ?’

‘ಸೇರ್ತೈತೆ.’

‘ತಲೆಯಾಗೆ ಗುದ್ದಬೇಕು ಅನ್ನಂಗೆ ಏನಾರಾ ಆಗತೈತಾ?’

‘ಈಗ ಒಂದೀಟು ಆಗತೈತೆ’ ಎಂದ ಜಯದೇವಪ್ಪ. ಪರಶುರಾಮ್ ಎರಡು ಹೆಜ್ಜೆ ಹಿಂದೆ ಸರಿದು, ಅಕ್ಕನ ಕಡೆ ತಿರುಗಿ, ಔಷಧಿ ರಕ್ತಕ್ಕೆ ಇಳಿದಿದೆ ಎಂದು ಸನ್ನೆ ಮಾಡಿದ.

‘ಬಿಟ್ಟುಬಿಡ್ರಿ ಅದನ್ನ’ ಎಂದು ನೇತ್ರಾವತಿ ಅತ್ತಳು. ಜಯದೇವಪ್ಪ ಬಾಟಲಿಯನ್ನು ಎದೆಗೊತ್ತಿಕೊಂಡು, ‘ಆ ಕುರ್ಚಿ ಬೇಕೋ ಬ್ಯಾಡೋ ಹೇಳು. ಇನ್ನು ಆ ಬಸ್ಸು ಹತ್ತಾಕೆ ನನ್ನ ಕೈಲಿ ಆಗಲ್ಲ ಕಣೇ. ಸತ್ಯವಾಗ್ಲೂ ಆಗಲ್ಲ’ ಎಂದ.  ನೇತ್ರಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಂದು ಅವನಿಗೆ ತಿಳಿಯದೆ ನಡೆದ ಒಂದು ಸಂಗತಿಯನ್ನು ನಾವು ಹೇಳಿಬಿಡುವುದು ಒಳ್ಳೆಯದು. ಅವನು ಮಲಗಿದ ಮೇಲೆ ನೇತ್ರಾವತಿ ಬಾಟಲಿಯನ್ನು ಹಿತ್ತಲಿನ ಬಚ್ಚಲ ಮೋರಿಯ ಪಕ್ಕ ಸುರಿದಳು. ಖಾಲಿಯಾದದ್ದಕ್ಕೆ ಅಡಿಗೆಮನೆಯ ಡಬ್ಬಿಯಿಂದ ಸಣ್ಣ ಸಬ್ಬಕ್ಕಿ ತುಂಬಿಸಿ ಮತ್ತೆ ಬ್ಯಾಗಿನಲ್ಲಿಟ್ಟಳು. ನೋಡಲಿಕ್ಕೆ ಎರಡೂ ಒಂದೇ. ಬೆಳಿಗ್ಗೆ ಮೋರಿಯ ಪಕ್ಕ ಎರಡು ಊರಿನ ಇರುವೆ ಸೇರಿದ್ದವು. ಕುರಿ ಔಷಧಿಗೆ ಇರುವೆ ಯಾಕೆ ಮುತ್ತಿವೆ ಎಂದು ಅವಳು ಒಂದು ಗಳಿಗೆ ನಿಂತು ನೋಡಿ, ಡಬ್ಬಿ ಕಟ್ಟಲು ಒಳಗೆ ಹೋದಳು.

ಜಯದೇವಪ್ಪನಿಗೆ ವ್ಯತ್ಯಾಸ ಗೊತ್ತಾಗದೆ ಇರಲಿಲ್ಲ. ಮೊದಲಿನದು ನಾಲಗೆಯ ಮೇಲೆ ಕರಗುತ್ತಿತ್ತು, ಇದು ಹಲ್ಲಿಗೆ ಕಲ್ಲಿನಂತೆ ಸಿಕ್ಕುತ್ತಿತ್ತು. ಔಷಧಿ ಪಕ್ವವಾಗಿ ಖಡಕ್ ಆಗಿದೆ ಎಂದು ಅವನು ತೀರ್ಮಾನಿಸಿದ. ಅಂದು ಹದಿನಾಲ್ಕು ಟಿಂಗ್ ಬಂದವು.

ಇಷ್ಟರಲ್ಲಿ ಸುದ್ದಿ ಕಚೇರಿ ದಾಟಿತ್ತು. ಕುರಿ ಔಷಧಿ ತಿಂದು ಜಯದೇವಪ್ಪನಂಥವನು ಕಂಪ್ಯೂಟರ್ ಕಲಿತ ಎಂಬ ಮಾತಿಗೆ ಜಗಳೂರಿನಲ್ಲಿ ಸಾಕ್ಷಿಯ ಕೊರತೆ ಇರಲಿಲ್ಲ. ಸುಬಾನಸಾಬರ ಅಂಗಡಿ ಮುಂದೆ ಗಣಿತದಲ್ಲಿ ಹಿಂದೆ ಬಿದ್ದ ಮಕ್ಕಳ ತಾಯಂದಿರು ನಿಂತರು. ಡ್ರೈವಿಂಗ್ ಲೈಸೆನ್ಸಿಗೆ ಹೋಗುವವರು ನಿಂತರು. ಸಾಬರು ಅಂಥ ಔಷಧಿಯೇ ಇಲ್ಲ ಎಂದರು. ಇಲ್ಲ ಎಂದಷ್ಟೂ ಸಾಲು ಉದ್ದವಾಯಿತು. ಒಂದು ಸಂಜೆ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಒಬ್ಬರು ಹೆಂಗಸು ಬಂದು, ‘ಕಾರು ರಿವರ್ಸ್ ತಗೊಳಾಕೆ ಬರ್ತಿಲ್ಲ. ಮೂರು ಸಲ ಗೋಡೆಗೆ ಗುದ್ದೀನಿ. ಒಂದು ಸಣ್ಣ ಬಾಟ್ಲಿ ಇದ್ರೆ ಕೊಡ್ರಿ’ ಎಂದರು. ಸಾಬರಿಗೆ ಧ್ವನಿಯ ಗುರುತು ಸಿಕ್ಕಿ ಬೆವರಿಳಿಯಿತು. ಅವರು ರುದ್ರಾಣಿ ಮೇಡಂ.

ಒಬ್ಬ ಸರ್ಕಾರಿ ಅಧಿಕಾರಿಯೇ ಬಂದ ಮೇಲೆ ಪೊಲೀಸರು ದೂರವಿಲ್ಲ ಎಂದು ಸಾಬರು ಎರಡು ದಿನ ಅನ್ನ ಬಿಟ್ಟರು. ಪರೀಕ್ಷೆಯ ಹಿಂದಿನ ಸಂಜೆ ಜಯದೇವಪ್ಪನನ್ನು ಅಂಗಡಿಯ ಒಳಗೆ ಕರೆದು, ಶೆಟರ್ ಅರ್ಧ ಇಳಿಸಿ, ಅವನ ಎರಡೂ ಕೈ ಹಿಡಿದುಕೊಂಡರು.

‘ಗುಮಾಸ್ತ್ರೆ, ತಪ್ಪಾಗೈತೆ. ಅದರಾಗೆ ಏನೂ ಇಲ್ಲ. ಬರೀ ಸಕ್ಕರೆ.’

ಜಯದೇವಪ್ಪ ಶೆಟರಿನ ಕಡೆ ನೋಡಿದ, ಸಾಬರ ಕಡೆ ನೋಡಿದ, ಒಂದು ಕಣ್ಣು ಮಿಟುಕಿಸಿದ. ‘ಅರ್ಥ ಆತು ಬಿಡ್ರಿ ಸಾಬ್ರೆ. ಹೊರಗೆ ಯಾರಾದ್ರೂ ಕೇಳಿದ್ರೆ ಸಕ್ಕರೆ ಅಂತ್ಲೇ ಹೇಳ್ತೀನಿ.’

‘ಹೊರಗೆ ಅಲ್ರೀ, ಒಳಗೂ ಸಕ್ಕರೆನೇ. ಅಲ್ಲಾಹನ ಆಣೆ.’

‘ಸಕ್ಕರೆ ಹಲ್ಲಿಗೆ ಸಿಕ್ಕಿದ್ರೆ ಕಟಕ್ ಅಂತೈತಾ? ಸಿಹಿ ಒಂದೀಟೂ ಇಲ್ಲ, ನೀರಾಗೆ ಕರಗಲ್ಲ. ನನಗೆ ಗೊತ್ತಿಲ್ವ?’

ಸಾಬರು ಕೈ ಬಿಟ್ಟರು. ‘ಸಿಹಿ ಇಲ್ವ?’ ಎಂದು ತಮಗೆ ತಾವೇ ಕೇಳಿಕೊಂಡರು. ಬಸ್ಸು ಬಂದು ಜಯದೇವಪ್ಪ ಹತ್ತಿ ಹೋದ ಮೇಲೂ ಅವರು ಡಬ್ಬದಲ್ಲಿದ್ದ ಗುಳಿಗೆಗಳನ್ನು ಒಂದೊಂದಾಗಿ ನೆಕ್ಕಿ ನೋಡುತ್ತ ನಿಂತಿದ್ದರು.

ಊಟಕ್ಕೆ ಕೂತಾಗ ಜಯದೇವಪ್ಪ ಇದನ್ನು ಹೆಂಡತಿಗೆ ಹೇಳಿ ನಕ್ಕ. ಬಡಿಸುತ್ತಿದ್ದ ನೇತ್ರಾವತಿಯ ಕೈ ನಿಂತಿತು. ಮೋರಿಯ ಪಕ್ಕದ ಇರುವೆಗಳು ನೆನಪಾದವು. ಅವಳ ಬಾಯಿ ತೆರೆಯಿತು. ಎದುರಿಗೆ ಗಂಡ ಕೂತಿದ್ದ, ಕಣ್ಣಿನ ಕೆಳಗೆ ಆರು ವರ್ಷದ ಕಪ್ಪು. ಆದರೂ ಬೆಳಿಗ್ಗೆ ಪರೀಕ್ಷೆಯಿದೆ ಎಂಬ ಭಯ ಮುಖದಲ್ಲಿ ಎಲ್ಲೂ ಇರಲಿಲ್ಲ.

‘ಸಾಬ್ರು ಏನಾದ್ರೂ ಹೇಳ್ಕೊಳ್ಲಿ. ನೀವು ಸಾರು ಹಾಕ್ಕೊಳ್ರಿ’ ಎಂದಳು. ಬೆಳಿಗ್ಗೆ ತಾನೇ ನಾಲ್ಕು ಕಾಳು ಎಣಿಸಿ, ಒಂದು ಲೋಟ ನೀರಿನ ಜೊತೆ ಕೊಟ್ಟು ಕಳಿಸಿದಳು.

ದಾವಣಗೆರೆಯ ಪರೀಕ್ಷಾ ಕೋಣೆಯಲ್ಲಿ ಟಿಂಗ್ ಆಗಲಿ ಬರ್ರ್ ಆಗಲಿ ಇರಲಿಲ್ಲ, ಎಲ್ಲ ಮೌನ. ಜಯದೇವಪ್ಪ ಪ್ರತಿ ಉತ್ತರಕ್ಕೂ ಮನಸ್ಸಿನಲ್ಲೇ ಟಿಂಗ್ ಎಂದುಕೊಂಡು ಕಣ್ಣು ಮುಚ್ಚಿದ. ಮೇಲ್ವಿಚಾರಕರು ಎರಡು ಸಲ ಬಂದು ಭುಜ ತಟ್ಟಿ, ನಿದ್ದೆ ಮಾಡಬಾರದು ಎಂದರು. ಅದು ಅವನಿಗೆ ಹತ್ತಲಿಲ್ಲ.

ಪಾಸಾದ. ತಿಂಗಳೊಳಗೆ ಬಡ್ತಿಯ ಆದೇಶ ಬಂತು. ಸ್ಥಳ ಚನ್ನಗಿರಿ. ಆ ಸಾಲನ್ನು ಅವನು ನುಜಹತ್‌ಳಿಂದ ಮೂರು ಸಲ ಓದಿಸಿದ, ಮೂರು ಸಲವೂ ಕಣ್ಣು ಮುಚ್ಚಿದ.

ಭಾನುವಾರ ಮನೆಯಲ್ಲಿ ಪಾಯಸ. ಸುಬಾನಸಾಬರು ಬೇಡವೆಂದರೂ ಬಿಡದೆ ಕರೆಸಿದ್ದ. ನುಜಹತ್ ಬಂದಳು, ಪರಶುರಾಮ್ ಬಂದ, ಅಜ್ಜಮ್ಮ ಮೊದಲೇ ಬಂದು ಒಳ್ಳೆಯ ಜಾಗ ಹಿಡಿದಿದ್ದಳು. ಜಯದೇವಪ್ಪ ಸಾಬರ ಬೆನ್ನು ತಟ್ಟುತ್ತ ಔಷಧಿಯ ಮಹಿಮೆ ಹೇಳುತ್ತಿದ್ದಾಗ ಅಡಿಗೆಮನೆಯಿಂದ ನೇತ್ರಾವತಿ ಹೊರಗೆ ಬಂದಳು. ಅವಳು ಕಪಾಟಿನಿಂದ ಟಗರಿನ ಬಾಟಲಿ ತೆಗೆದುಕೊಂಡು, ಮುಚ್ಚಳ ಬಿಚ್ಚುತ್ತ ಒಲೆಯ ಕಡೆ ನಡೆದಳು.

‘ಏಯ್, ಅದು ಔಷಧಿ ಕಣೇ’ ಎಂದು ಜಯದೇವಪ್ಪ ಹಿಂದೆಯೇ ಓಡಿದ. ಅಷ್ಟರಲ್ಲಿ ಬಾಟಲಿ ಕುದಿಯುವ ಪಾತ್ರೆಗೆ ಬಗ್ಗಿತ್ತು.

‘ಇಷ್ಟು ಜನಕ್ಕೆ ಸಬ್ಬಕ್ಕಿ ಕಡಿಮೆ ಬಿತ್ರೀ’ ಎಂದಳು ನೇತ್ರಾವತಿ, ಸೌಟಿನಿಂದ ತಿರುವುತ್ತ.

ಬಾಗಿಲಲ್ಲಿ ನಿಂತ ಎಲ್ಲರೂ ಪಾತ್ರೆಯೊಳಗೆ ಇಣುಕಿದರು. ಸಾಬರ ಮುಖದಲ್ಲಿ ಒಂದು ತಿಂಗಳ ಗಂಟು ಸಡಿಲಾಯಿತು. ‘ಅಲ್ಲಿಗೆ ಸರಿಹೋತು ನೋಡ್ರಿ. ನಾನು ನಾಲಗೆಗೇ ರೋಗ ಬಂತು ಅನ್ಕೊಂಡಿದ್ದೆ’ ಎಂದರು.

‘ಹಂಗಾದ್ರೆ ನಾನು ತಿಂದಿದ್ದು?’ ಎಂದ ಜಯದೇವಪ್ಪ.

‘ಮೊದಲ್ನೇ ವಾರ ಸಾಬ್ರ ಸಕ್ಕರೆ. ಆಮೇಲಿಂದ ನಮ್ಮನೆ ಸಬ್ಬಕ್ಕಿ.’

‘ಹಂಗಾದ್ರೆ ನನ್ನ ತಲೆಗೆ ಹತ್ತಿದ್ದು ಹೆಂಗೆ?’

ನುಜಹತ್ ಗೋಡೆಗೆ ಒರಗಿ ನಿಂತು, ‘ಟಿಂಗ್ ಅಂದಾಗ ನೀವು ಅದು ನಿಮಗೇ ಅಂದಿದ್ದು ಅಂತ ನಂಬಿದ್ರಿ ಸಾರ್. ಮೊದ್ಲು ನಂಬ್ತಿರಲಿಲ್ಲ’ ಎಂದಳು.

‘ಮೂವತ್ತು ವರ್ಷ ಕುರಿ ನೋಡೀನಿ’ ಎಂದರು ಸಾಬರು. ‘ಹೊಡೆದ್ರೆ ಅವು ಓಡಿ ಹೋಗಾದು ಕಲೀತಾವೆ. ಹತ್ರ ಬರಾದು ಕಲೀಬೇಕಂದ್ರೆ ಕೈಯಾಗೆ ಒಂದೀಟು ಶೇಂಗಾ ಹಿಂಡಿ ಇರ್ಬೇಕು.’

ಪರಶುರಾಮ್ ಇದಕ್ಕೆ ತಲೆದೂಗಿದ. ಜಯದೇವಪ್ಪನಿಗೆ ಅವಮಾನವಾಗಬೇಕೋ ಸಂತೋಷವಾಗಬೇಕೋ ತಿಳಿಯದೆ ಎರಡು ಬಟ್ಟಲು ಪಾಯಸ ಕುಡಿದ. ಅಜ್ಜಮ್ಮ ಮಾತ್ರ ಮುಟ್ಟಲಿಲ್ಲ. ಎಷ್ಟಾದರೂ ಟಗರಿನ ಬಾಟಲಿಯಿಂದ ಬಂದದ್ದು ಎಂದಳು.

ಮರುದಿನ ಸೋಮವಾರ, ಚನ್ನಗಿರಿಯ ಕಚೇರಿಗೆ ಹಾಜರಾಗುವ ದಿನ. ಎಂಟರವರೆಗೆ ಮಲಗುತ್ತೇನೆ, ಯಾರೂ ಎಬ್ಬಿಸಬೇಡಿ ಎಂದು ಅವನು ಓಣಿಗೆಲ್ಲ ಹೇಳಿದ್ದ. ಬೆಳಗಿನ ನಾಲ್ಕೂವರೆಗೆ ಕಣ್ಣು ತಾನಾಗಿ ಬಿಚ್ಚಿತು. ಹೊರಳಿದ, ಮುಸುಕು ಹಾಕಿದ, ನಿದ್ದೆಯ ಸುಳಿವಿಲ್ಲ. ಆರು ವರ್ಷ ಕಾದದ್ದು ಇದಕ್ಕೇನಾ ಎಂದು ಅವನಿಗೆ ಅಳು ಬಂತು.

ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ ನೇತ್ರಾವತಿ ಕೂತಿದ್ದಳು. ಎದುರಿಗೆ ತೊಳೆದಿಟ್ಟ ಊಟದ ಡಬ್ಬಿ, ಕಲಸಿದ ರೊಟ್ಟಿ ಹಿಟ್ಟು.

‘ಹಿಟ್ಟು ಕಲಸಿದ ಮೇಲೆ ನೆನಪಾತು ಕಣ್ರೀ, ಇವತ್ತು ಡಬ್ಬಿ ಬ್ಯಾಡ ಅಂತ’ ಎಂದಳು. ‘ಮಲಗಾಣ ಅಂದ್ರೆ ನಿದ್ದೆ ಬರ್ತಿಲ್ಲ.’

ಆರು ವರ್ಷದಲ್ಲಿ ಒಂದು ದಿನವೂ ತಡಮಾಡಲಿಲ್ಲ ಎಂದು ಜಯದೇವಪ್ಪ ಕಂಡಕಂಡವರಿಗೆ ಹೇಳಿಕೊಂಡಿದ್ದ. ತನಗಿಂತ ಅರ್ಧ ಗಂಟೆ ಮುಂಚೆ ಎದ್ದು ಒಲೆ ಹಚ್ಚಿದವರು ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಅವಳ ಕಣ್ಣಿನ ಕೆಳಗಿನ ಕಪ್ಪು ಕಾಣಿಸಿ ನಾಚಿಕೆಯಾಯಿತು. ಕಪಾಟಿನ ಮುಂದೆ ನಿಂತ. ಟಗರಿನ ಬಾಟಲಿಯ ತಳದಲ್ಲಿ ಒಂದಷ್ಟು ಕಾಳು ಉಳಿದಿದ್ದವು. ನಾಲ್ಕು ಎಣಿಸಿ ಅವಳ ಅಂಗೈಗೆ ಹಾಕಿದ.

‘ಇದು ಎದಕ್ಕೆ?’

‘ನಿದ್ದೆಗೆ.’

‘ಸಬ್ಬಕ್ಕಿ ಅಲ್ವೇನ್ರೀ ಇದು.’

‘ಹೌದು. ಜಾಸ್ತಿ ನೀರು ಕುಡೀಬ್ಯಾಡ. ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚು, ಒಳಗೆ ಇಳೀಲಿ.’

ಅವಳು ಅವನನ್ನೇ ಒಂದು ಗಳಿಗೆ ನೋಡಿ, ಬಾಯಿಗೆ ಹಾಕಿಕೊಂಡಳು. ಅವನೂ ನಾಲ್ಕು ಹಾಕಿಕೊಂಡ. ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ದೀಪ ಆರಿಸಿದರು.

ಹನ್ನೊಂದೂಕಾಲಿಗೆ ಅಜ್ಜಮ್ಮ ಬಾಗಿಲು ಬಡಿದಳು. ಅವಳ ಹಿಂದೆ, ಹೊಸ ಸಾಹೇಬರು ಬರುವುದುಂಟೋ ಇಲ್ಲವೋ ಎಂದು ಕೇಳಲು ಬಂದ ಚನ್ನಗಿರಿ ಕಚೇರಿಯ ಜವಾನ ನಿಂತಿದ್ದ. ಜಯದೇವಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಐದು ನಿಮಿಷದ ದಾರಿಯನ್ನು ಮೂರು ನಿಮಿಷದಲ್ಲಿ ಮುಗಿಸಿ, ಕೈ ಮುರಿದ ಕುರ್ಚಿಯಲ್ಲಿ ಕೂತು, ಅರ್ಧ ದಿನದ ರಜೆ ಅರ್ಜಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ. ಕಾರಣ ಎಂಬಲ್ಲಿ ಸ್ವಲ್ಪ ಯೋಚಿಸಿ, ಔಷಧಿ ಸೇವನೆ ಎಂದು ತುಂಬಿದ. ನೇತ್ರಾವತಿ ಇನ್ನೂ ಮಲಗಿದ್ದಳು. ಎಬ್ಬಿಸದೆ ಬಾಗಿಲು ಮುಂದಕ್ಕೆಳೆದು ಬಂದಿದ್ದ.